ಕಂಬದ ಕಾಯಕ, ಕಂಪ್ಯೂಟರಿನ ಕಾಯಕ

ಪುತ್ತೂರು ತಾಲ್ಲೂಕಿನ ಕುಂಬ್ರದಿಂದ ಓದುಗ ತಾಯಿಯೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಅವರ ಮನೆತನ ವಿಜಯಪುರ ಜಿಲ್ಲೆಯದು. ಯಜಮಾನರು ವಿದ್ಯುತ್ ಮಾರ್ಗದ ಕೆಲಸಗಾರರಾಗಿ ಕರಾವಳಿಯ ಕಡೆಗೆ ಬಂದು ಅನೇಕ ವರ್ಷಗಳಾದವು. ಹಿರಿಯ ಮಗ ಕಂಪ್ಯೂಟರ್ ವಿಜ್ಞಾನದಲ್ಲಿ ಇಂಜಿನಿಯರಿಂಗ್ ಪದವಿ ಪಡೆದು ಬೆಂಗಳೂರಿನಲ್ಲಿ ತಂತ್ರಾಂಶದ ಉದ್ಯೋಗದಲ್ಲಿದ್ದಾನೆ. ಕಿರಿಯವನು ದ್ವಿತೀಯ ಪಿಯುಸಿ ಮುಗಿಸಿದ್ದಾನೆ. ಅವನನ್ನೂ ಅಣ್ಣನ ದಾರಿಯಲ್ಲಿಯೇ ಕಳುಹಿಸಬೇಕೆಂಬುದು ಮನೆಯವರ ಬಯಕೆ. ಆದರೆ ಅಣ್ಣನೇ, "ಈಗ ಯಂತ್ರವೇ ಪ್ರೋಗ್ರಾಂ ಬರೆಯುತ್ತಿದೆ, ತಮ್ಮನನ್ನು ಇದಕ್ಕೆ ತರಬೇಡಿ" ಎಂದು ತಡೆದನಂತೆ. "ಹಾಗಾದರೆ ಅಪ್ಪನ ಕೆಲಸಕ್ಕೇ ಸೇರುತ್ತೇನೆ" ಎಂದು ಕಿರಿಯವನು ಹೇಳಿದಾಗ ತಂದೆ ಮಾತನಾಡದೆ ಎದ್ದು ಹೊರಗೆ ಹೋದರಂತೆ. "ಎರಡರಲ್ಲಿ ಉಳಿಯುವ ಕೆಲಸ ಯಾವುದು? ನಿಮ್ಮ ಅಂಕಣದಲ್ಲಿ ಬರೆಯಿರಿ" ಎಂಬುದು ತಾಯಿಯ ಕೋರಿಕೆ.

ಇದು ಒಂದು ಮನೆಯ ಪ್ರಶ್ನೆಯಲ್ಲವೆಂದು ನಾವು ಬಲ್ಲೆವು. ಕುಂಬ್ರವು ಮಾಣಿ–ಮೈಸೂರು ರಾಷ್ಟ್ರೀಯ ಹೆದ್ದಾರಿಯ ಮೇಲಿನ ಸಣ್ಣ ಪೇಟೆ. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಹೆದ್ದಾರಿ ಅದನ್ನು ಹಾದೇ ಹೋಗುತ್ತದೆ; ಬೆಳ್ಳಾರೆಯ ಕಡೆಗಿನ ರಸ್ತೆ ಅಲ್ಲಿಯೇ ಕವಲೊಡೆಯುತ್ತದೆ. ಒಂದು ದಿಕ್ಕಿನಲ್ಲಿ, ಪುತ್ತೂರಿನಲ್ಲಿ, 2001ರಲ್ಲಿ ಆರಂಭವಾದ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜು. ಇನ್ನೊಂದು ದಿಕ್ಕಿನಲ್ಲಿ, ಸುಳ್ಯದಲ್ಲಿ, ಕುರುಂಜಿ ವೆಂಕಟರಮಣ ಗೌಡರು 1986ರಲ್ಲಿ ಕಟ್ಟಿದ ಇಂಜಿನಿಯರಿಂಗ್ ಕಾಲೇಜು. ಅಡಿಕೆ ತೋಟಗಳ ನಡುವೆ ಹುಟ್ಟಿ ಬೆಳೆದ ಮಕ್ಕಳು ಇಂತಹ ಕಾಲೇಜುಗಳಲ್ಲಿ ಓದಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅದೇ ಹೆದ್ದಾರಿಯಲ್ಲಿ ಎದುರು ದಿಕ್ಕಿನಿಂದ ಬಯಲುಸೀಮೆಯ ತರುಣರು ಬಂದಿಳಿಯುತ್ತಾರೆ. 2002ರಲ್ಲಿ ಸ್ಥಾಪನೆಯಾದ ಮಂಗಳೂರು ವಿದ್ಯುತ್ ಸರಬರಾಜು ಕಂಪನಿಯಲ್ಲಿ, ಅಂದರೆ ಮೆಸ್ಕಾಂನಲ್ಲಿ, ಕಂಬ ಹತ್ತುವವರ ಪೈಕಿ ಉತ್ತರ ಕರ್ನಾಟಕದವರು ಬಹಳ ಮಂದಿ. ಹೀಗೆ ಒಂದೇ ರಸ್ತೆಯಲ್ಲಿ ಒಂದು ತಾಂತ್ರಿಕ ವೃತ್ತಿ ಊರು ಬಿಟ್ಟು ಹೊರಡುತ್ತದೆ, ಇನ್ನೊಂದು ಊರಿಗೆ ಬರುತ್ತದೆ. ಇವೆರಡನ್ನೂ ಕೃತಕ ಬುದ್ಧಿಮತ್ತೆಯೆಂಬ ಹೊಸ ಒರೆಗಲ್ಲಿಗೆ ಉಜ್ಜಿ ನೋಡುವುದೇ ಈ ತಿಂಗಳ ನಮ್ಮ ವಿಷಯ.

ಮೊದಲು, ಭವಿಷ್ಯ ನುಡಿದವರ ಮಾತು ಹೇಗೆ ತಲೆಕೆಳಗಾಯಿತೆಂಬುದನ್ನು ನೋಡೋಣ. 2013ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕಾರ್ಲ್ ಫ್ರೇ ಮತ್ತು ಮೈಕಲ್ ಆಸ್ಬೋರ್ನ್ ಎಂಬ ಇಬ್ಬರು ವಿದ್ವಾಂಸರು ಅಮೆರಿಕದ 702 ವೃತ್ತಿಗಳನ್ನು ಪರಿಶೀಲಿಸಿ, ಅಲ್ಲಿನ ಉದ್ಯೋಗಗಳಲ್ಲಿ ಶೇಕಡಾ 47ರಷ್ಟು ಯಂತ್ರಗಳ ಪಾಲಾಗುವ ಅಪಾಯದಲ್ಲಿವೆಯೆಂದು ಹೇಳಿದರು. ಅವರ ಪಟ್ಟಿಯಲ್ಲಿ ಅನ್ವಯ ತಂತ್ರಾಂಶ ರೂಪಿಸುವವರಿಗೆ ಇದ್ದ ಅಪಾಯ ನೂರಕ್ಕೆ ಸುಮಾರು ನಾಲ್ಕು ಮಾತ್ರ. ಕಂಬದ ಕೆಲಸದವನಿಗಿಂತಲೂ ಅವರೇ ಸುರಕ್ಷಿತರೆಂದು ಆ ಲೆಕ್ಕ ತೋರಿಸಿತು. ಹತ್ತು ವರ್ಷಗಳು ಕಳೆದವು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಲೋಕದ ಮುಂದೆ ಬಂದಿತು. 2023ರ ಮಾರ್ಚಿನಲ್ಲಿ ಅದನ್ನು ನಿರ್ಮಿಸಿದ ಓಪನ್‌ಎಐ ಸಂಸ್ಥೆಯ ಸಂಶೋಧಕರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರೊಡನೆ ಸೇರಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಪ್ರೋಗ್ರಾಂ ಬರೆಯುವ ವೃತ್ತಿ ಯಂತ್ರಕ್ಕೆ ಅತಿ ಹೆಚ್ಚು ತೆರೆದುಕೊಂಡ ವೃತ್ತಿಗಳ ಸಾಲಿಗೆ ಸೇರಿತು. ಯಂತ್ರದ ಸೋಂಕು ಸ್ವಲ್ಪವೂ ತಗಲದ 34 ವೃತ್ತಿಗಳನ್ನು ಅವರು ಬೇರೆಯಾಗಿ ಪಟ್ಟಿಮಾಡಿದ್ದರು. ಅಡುಗೆಯವರು, ಕಲ್ಲುಕುಟಿಗರು, ಪಾತ್ರೆ ತೊಳೆಯುವವರು ಇರುವ ಆ ಪಟ್ಟಿಯಲ್ಲಿ ವಿದ್ಯುತ್ ಮಾರ್ಗ ಜೋಡಿಸುವವರ ಮತ್ತು ದುರಸ್ತಿ ಮಾಡುವವರ ಹೆಸರೂ ಇತ್ತು.

ಒಂದು ದಶಕದೊಳಗೆ ಮೇಲಿನದು ಕೆಳಗಾಯಿತು, ಕೆಳಗಿನದು ಮೇಲಾಯಿತು. ಆದುದರಿಂದ ಇಂತಹ ಪಟ್ಟಿಯೊಂದನ್ನು ನಂಬಿ ಮಕ್ಕಳ ಜೀವನವನ್ನು ತೀರ್ಮಾನಿಸುವುದು ತರವಲ್ಲ. ಪಟ್ಟಿ ಬದಲಾದೀತು; ಬದಲಾವಣೆಗೆ ಕಾರಣವೇನೆಂಬುದನ್ನು ತಿಳಿದರೆ ಆ ತಿಳಿವು ಉಳಿದೀತು.

ಇಲ್ಲಿ "ತೆರೆದುಕೊಂಡಿದೆ" ಎಂಬ ಮಾತಿನ ಅರ್ಥವನ್ನು ಸ್ಪಷ್ಟಪಡಿಸಬೇಕು. ಗುಣ ಕೆಡದಂತೆ ಒಂದು ಕೆಲಸದ ಸಮಯವನ್ನು ಕನಿಷ್ಠ ಅರ್ಧಕ್ಕೆ ಇಳಿಸಲು ಯಂತ್ರದಿಂದ ಸಾಧ್ಯವಾದರೆ ಆ ಕೆಲಸ ಯಂತ್ರಕ್ಕೆ ತೆರೆದಿದೆಯೆಂದು 2023ರ ಅಧ್ಯಯನಕಾರರು ಹೇಳಿದರು. ಕೆಲಸವೇ ಹೋಗುತ್ತದೆಂದು ಅವರು ಹೇಳಲಿಲ್ಲ. ಉಳಿತಾಯವಾದ ಅರ್ಧ ಹೊತ್ತಿನಲ್ಲಿ ಅದೇ ಮನುಷ್ಯ ಇಮ್ಮಡಿ ಕೆಲಸ ಮಾಡಬಹುದು, ಇಲ್ಲವೇ ಇಬ್ಬರ ಜಾಗದಲ್ಲಿ ಒಬ್ಬನನ್ನೇ ಇರಿಸಿಕೊಳ್ಳಬಹುದು. ಅದನ್ನು ನಿರ್ಧರಿಸುವುದು ಯಂತ್ರವಲ್ಲ, ಮಾಲೀಕ ಮತ್ತು ಮಾರುಕಟ್ಟೆ.

ತಂತ್ರಾಂಶದ ಕೆಲಸ ಇಷ್ಟು ಬೇಗ ಯಂತ್ರದ ಕೈಗೆ ಏಕೆ ಸಿಕ್ಕಿತು? ಅದಕ್ಕೆ ಎರಡು ಕಾರಣಗಳುಂಟು. ಮೊದಲನೆಯದಾಗಿ, ಪ್ರೋಗ್ರಾಂ ಎಂಬುದು ಬರಹ. ಇಂದಿನ ಕೃತಕ ಬುದ್ಧಿಮತ್ತೆಯು ಅಪಾರವಾದ ಬರಹರಾಶಿಯನ್ನು ಉಂಡು, ಒಂದು ಪದದ ನಂತರ ಯಾವ ಪದ ಬರಬೇಕೆಂಬುದನ್ನು ಕಲಿತ ಯಂತ್ರ. ಜಗತ್ತಿನ ಪ್ರೋಗ್ರಾಂಕಾರರು ಪರಸ್ಪರ ಉಪಯೋಗಕ್ಕಾಗಿ ಬಹಿರಂಗವಾಗಿ ಇಟ್ಟ ಕೋಟ್ಯಂತರ ಸಾಲುಗಳೇ ಅದರ ಪಠ್ಯಪುಸ್ತಕವಾದವು. ಎರಡನೆಯದಾಗಿ, ಬರೆದ ಪ್ರೋಗ್ರಾಂ ಸರಿಯೋ ತಪ್ಪೋ ಎಂಬುದನ್ನು ಬಹುಮಟ್ಟಿಗೆ ಅಲ್ಲಿಯೇ ಓಡಿಸಿ ನೋಡಬಹುದು. ಗುರು ಪಕ್ಕದಲ್ಲಿಯೇ ಕುಳಿತು ಕ್ಷಣಕ್ಷಣಕ್ಕೂ ತಿದ್ದಿದರೆ ಶಿಷ್ಯ ಬೇಗ ಕಲಿಯುವಂತೆ ಯಂತ್ರವೂ ಬೇಗ ಕಲಿಯಿತು.

ಫಲಿತಾಂಶ ಕಣ್ಣ ಮುಂದಿದೆ. ತಮ್ಮ ಸಂಸ್ಥೆಯ ಹೊಸ ಪ್ರೋಗ್ರಾಂಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಯಂತ್ರ ಬರೆಯುತ್ತದೆ, ಇಂಜಿನಿಯರುಗಳು ಅದನ್ನು ಪರಿಶೀಲಿಸಿ ಒಪ್ಪುತ್ತಾರೆ ಎಂದು ಗೂಗಲ್ ಸಂಸ್ಥೆಯ ಸುಂದರ್ ಪಿಚೈ 2024ರ ಅಕ್ಟೋಬರಿನಲ್ಲಿ ತಿಳಿಸಿದರು. 2025ರ ಜುಲೈಯಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ತನ್ನ ನೌಕರರಲ್ಲಿ ಶೇಕಡಾ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿದಾಗ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಆತಂಕ ಹುಟ್ಟಿತು. ಕೃತಕ ಬುದ್ಧಿಮತ್ತೆ ಇದಕ್ಕೆ ಕಾರಣವಲ್ಲ, ಬೇಕಾದ ಕೌಶಲವೂ ಇರುವ ಕೌಶಲವೂ ಹೊಂದದಿರುವುದೇ ಕಾರಣವೆಂದು ಆ ಸಂಸ್ಥೆಯ ಮುಖ್ಯಸ್ಥರು ಹೇಳಿದ್ದನ್ನೂ ನಾವು ನ್ಯಾಯವಾಗಿ ದಾಖಲಿಸಬೇಕು.

ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಬೇರೊಂದು ಸಂಗತಿ. 2025ರ ಆಗಸ್ಟಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಅಮೆರಿಕದ ವೇತನ ಲೆಕ್ಕಗಳನ್ನು ಪರಿಶೀಲಿಸಿದರು. ಯಂತ್ರಕ್ಕೆ ಅತಿ ಹೆಚ್ಚು ತೆರೆದ ವೃತ್ತಿಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗವು, ಉಳಿದವರಿಗೆ ಹೋಲಿಸಿದರೆ, ಶೇಕಡಾ 13ರಷ್ಟು ಕುಗ್ಗಿತ್ತು. ಅದೇ ವೃತ್ತಿಗಳ ಅನುಭವಿಗಳಿಗೆ ಅಂತಹ ಪೆಟ್ಟು ಬಿದ್ದಿರಲಿಲ್ಲ. ಕಾರಣ ಊಹಿಸಬಹುದು. ಸಣ್ಣ ತಪ್ಪು ತಿದ್ದುವುದು, ಇನ್ನೊಬ್ಬರು ಬರೆದದ್ದನ್ನು ಪರೀಕ್ಷಿಸುವುದು, ಒಂದು ಕಂಪ್ಯೂಟರ್ ಭಾಷೆಯಿಂದ ಇನ್ನೊಂದಕ್ಕೆ ಬದಲಿಸುವುದು, ಇವು ಹೊಸಬರಿಗೆ ಕೊಡುತ್ತಿದ್ದ ಕೆಲಸಗಳು. ಅವರು ಕಲಿಯುತ್ತಿದ್ದುದೂ ಅವುಗಳಿಂದಲೇ. ಯಂತ್ರ ಮೊದಲು ಕಿತ್ತುಕೊಂಡದ್ದು ಏಣಿಯ ಈ ಮೊದಲ ಮೆಟ್ಟಿಲನ್ನು. ಮೊದಲ ಮೆಟ್ಟಿಲಿಲ್ಲದ ಏಣಿಯ ಬುಡದಲ್ಲಿ ಇಂದು ನಮ್ಮ ಮಕ್ಕಳು ನಿಂತಿದ್ದಾರೆ. ಹೀಗಿದ್ದೂ, ಒಂದು ವಿಭಾಗಕ್ಕೆ ಇಷ್ಟೇ ಸೀಟುಗಳೆಂಬ ಗರಿಷ್ಠ ಮಿತಿಯನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು 2024–25ರ ಸಾಲಿನಿಂದ ತೆಗೆದುಹಾಕಿತು. ಸೀಟು ಸುಲಭವಾಗಿ ಸಿಕ್ಕಿತೆಂಬುದು ಉದ್ಯೋಗ ಸಿಗುವುದಕ್ಕೆ ಪ್ರಮಾಣವಲ್ಲ.

ಇನ್ನು ಕಂಬದ ಕಡೆಗೆ ಬರೋಣ. ವಿಜಯಪುರದ ಕಡೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆಯಾದರೆ, ಪುತ್ತೂರಿನ ಸೀಮೆಯಲ್ಲಿ ಅದು ಸುಮಾರು 4000. ಆಷಾಢದ ಒಂದು ರಾತ್ರಿ ಗಾಳಿಯೆದ್ದು, ತೋಟದ ಅಂಚಿನ ಮರವೊಂದು 11 ಸಾವಿರ ವೋಲ್ಟಿನ ತಂತಿಯ ಮೇಲೆ ಒರಗಿತೆನ್ನೋಣ. ಉಪಕೇಂದ್ರದಲ್ಲಿ ಆ ಮಾರ್ಗ ತಾನಾಗಿಯೇ ಕಡಿದುಕೊಳ್ಳುತ್ತದೆ. ಅಲ್ಲಿಯವರೆಗಿನ ಕೆಲಸ ಯಂತ್ರದ್ದೇ. ಆದರೆ ಮರ ಬಿದ್ದುದು ಎಲ್ಲಿ? ಟಾರ್ಚು ಹಿಡಿದು, ಗುಡ್ಡ ಹತ್ತಿ, ತೋಡು ದಾಟಿ, ಕಂಬದಿಂದ ಕಂಬಕ್ಕೆ ನಡೆದು ನೋಡುವವನು ಮನುಷ್ಯ. ಜಾಗ ಸಿಕ್ಕಿದ ಮೇಲೆ ಅಲ್ಲಿಯ ವಿಭಾಗವನ್ನು ಸ್ವಿಚ್ ತೆರೆದು ಬೇರ್ಪಡಿಸಬೇಕು. ಉಪಕೇಂದ್ರದಿಂದ "ಲೈನ್ ಕ್ಲಿಯರ್" ಎಂಬ ಅನುಮತಿ ಪಡೆಯಬೇಕು. ತಂತಿಯಲ್ಲಿ ವಿದ್ಯುತ್ ಇಲ್ಲವೆಂಬುದನ್ನು ಪರೀಕ್ಷಿಸಿ, ಅದನ್ನು ಭೂಮಿಗೆ ಜೋಡಿಸಬೇಕು. ಆಮೇಲೆ ಒದ್ದೆಯಾದ ಕಂಬ ಹತ್ತಬೇಕು. ಇಳಿದು ಬಂದ ಬಳಿಕ, ಹತ್ತಿದವರೆಲ್ಲರೂ ಇಳಿದರೇ ಎಂದು ಎಣಿಸಿಯೇ ಅನುಮತಿಯನ್ನು ಹಿಂದಿರುಗಿಸಬೇಕು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಜೀವ ಹೋಗುತ್ತದೆ.

ಹ್ಯಾನ್ಸ್ ಮೊರಾವೆಕ್ ಎಂಬ ಯಂತ್ರಮಾನವ ವಿಜ್ಞಾನಿ 1988ರಲ್ಲಿಯೇ ಒಂದು ಸೂಕ್ಷ್ಮವನ್ನು ಗುರುತಿಸಿದ್ದರು. ಮನುಷ್ಯನಿಗೆ ಕಷ್ಟವೆನಿಸುವ ಲೆಕ್ಕ, ತರ್ಕ, ಚದುರಂಗಗಳು ಯಂತ್ರಕ್ಕೆ ಸುಲಭ. ಒಂದು ವರ್ಷದ ಮಗುವಿಗೂ ಸುಲಭವಾದ ನೋಡುವುದು, ಹಿಡಿಯುವುದು, ನಡೆಯುವುದು ಯಂತ್ರಕ್ಕೆ ಬಹಳ ಕಷ್ಟ. ಪ್ರತಿಯೊಂದು ತೋಟ ಬೇರೆ, ಪ್ರತಿಯೊಂದು ಮರ ಬಿದ್ದ ಬಗೆ ಬೇರೆ. ಪಾಚಿ ಹಿಡಿದ ಕಂಬದ ಮೇಲೆ ಕಾಲು ಎಲ್ಲಿ ನಿಂತೀತೆಂಬ ತಿಳಿವು ಯಾವ ಬರಹರಾಶಿಯಲ್ಲಿಯೂ ಇಲ್ಲ. ಅದು ಕಾಲಿನಲ್ಲಿಯೇ ಇದೆ. 2024ರ ಅಕ್ಟೋಬರಿನಲ್ಲಿ ರಾಜ್ಯದ ವಿದ್ಯುತ್ ಪ್ರಸರಣ ನಿಗಮವು 2975 ಕಿರಿಯ ಪವರ್‌ಮ್ಯಾನ್ ಮತ್ತು ಕಿರಿಯ ಸ್ಟೇಷನ್ ಪರಿಚಾರಕ ಹುದ್ದೆಗಳಿಗೆ ಅರ್ಜಿ ಕರೆದಾಗ, ಹತ್ತನೆಯ ತರಗತಿಯ ಅಂಕಗಳೊಂದಿಗೆ 8 ಮೀಟರ್ ಕಂಬ ಹತ್ತುವ ಪರೀಕ್ಷೆಯೂ ಇದ್ದುದು ಈ ಕಾರಣಕ್ಕೇ.

ಹಾಗಾದರೆ ಉತ್ತರ ಸುಲಭವಾಯಿತು, ಕಂಬವೇ ಕ್ಷೇಮ, ಕಂಪ್ಯೂಟರು ಅಪಾಯ ಎಂದು ಓದುಗರು ತೀರ್ಮಾನಿಸಬಾರದು. ಸ್ವಲ್ಪ ಒಳಹೊಕ್ಕು ನೋಡಿದರೆ ಗೆರೆ ಈ ಎರಡು ವೃತ್ತಿಗಳ ನಡುವೆ ಹಾಯುವುದಿಲ್ಲ. ಪ್ರತಿಯೊಂದರ ಒಳಗೂ ಹಾಯುತ್ತದೆ. ವಿದ್ಯುತ್ತಿನ ಕ್ಷೇತ್ರದಲ್ಲಿಯೇ ಮನೆಮನೆಗೆ ಬಂದು ಮೀಟರ್ ಓದಿ ಬಿಲ್ಲು ಕೊಡುವ ಕೆಲಸವನ್ನು ನೋಡಿರಿ. ಕರ್ನಾಟಕದಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಅಳವಡಿಸುವ ಕ್ರಮ 2025ರಲ್ಲಿ ಆರಂಭವಾಯಿತು. ತನ್ನ ಲೆಕ್ಕವನ್ನು ತಾನೇ ಕಳುಹಿಸುವ ಮೀಟರ್ ಬಂದ ಕಡೆ ಓದುವವನ ಕಾಲ ಮುಗಿಯುತ್ತ ಬರುತ್ತದೆ. ಅದೇ ಇಲಾಖೆ, ಅದೇ ಬೀದಿ. ಒಬ್ಬನ ಕೆಲಸ ಯಂತ್ರಕ್ಕೆ ಪೂರ್ತಿ ತೆರೆದಿದೆ, ಇನ್ನೊಬ್ಬನದು ಮುಚ್ಚಿದೆ. ತಂತ್ರಾಂಶದಲ್ಲಿಯೂ ಹಾಗೆಯೇ. ಹೇಳಿದ್ದನ್ನು ಹೇಳಿದಂತೆ ಬರೆದುಕೊಡುವವನ ಜಾಗ ಕುಗ್ಗುತ್ತಿದೆ. ಒಂದು ಸಹಕಾರಿ ಸಂಘದ ಕಾರ್ಯದರ್ಶಿಯ ಎದುರು ಕುಳಿತು, ಅವರು ಬಾಯಿಬಿಟ್ಟು ಹೇಳಲಾರದ ತೊಡಕನ್ನು ಕೇಳಿ ತಿಳಿದು, ಯಂತ್ರ ಬರೆದುಕೊಟ್ಟದ್ದರಲ್ಲಿ ಸದಸ್ಯರ ಹಣದ ಲೆಕ್ಕ ಎಲ್ಲಿ ತಪ್ಪೀತೆಂದು ಕಂಡುಹಿಡಿದು, "ಇದಕ್ಕೆ ನಾನು ಹೊಣೆ" ಎನ್ನಬಲ್ಲವನ ಜಾಗ ಕುಗ್ಗಿಲ್ಲ. ಯಂತ್ರವು ತಪ್ಪನ್ನೂ ಸರಿಯಷ್ಟೇ ಧೈರ್ಯದಿಂದ ಹೇಳುವುದರಿಂದ ಅಂತಹವನ ಅಗತ್ಯ ಹೆಚ್ಚಿದೆ.

ಇಂತಹದನ್ನು ನಮ್ಮ ತಲೆಮಾರು ಒಮ್ಮೆ ಕಂಡಿದೆ. ನಾವು ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಪುಸ್ತಕಗಳು ಅಚ್ಚಾಗುತ್ತಿದ್ದುದು ಸೀಸದ ಮೊಳೆಗಳಿಂದ. ಒತ್ತಕ್ಷರ, ಗುಣಿತಾಕ್ಷರಗಳ ನೂರಾರು ಗೂಡುಗಳಿದ್ದ ಪೆಟ್ಟಿಗೆಯ ಮುಂದೆ ನಿಂತು, ಕಣ್ಣು ಹಸ್ತಪ್ರತಿಯ ಮೇಲಿದ್ದರೂ ಕೈ ತಾನಾಗಿ ಮೊಳೆಯನ್ನು ಆರಿಸುವ ಕುಶಲಿಗಳಿದ್ದರು. ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡತೊಡಗಿದ ಮೇಲೆ ಕೆಲವೇ ವರ್ಷಗಳಲ್ಲಿ ಆ ಪೆಟ್ಟಿಗೆಗಳು ಮೂಲೆ ಸೇರಿದವು. ಆ ಅಕ್ಷರಗಳಿಗೆ ಸುಲಭವಾದ ಕೀಲಿಮಣೆಯನ್ನು ರೂಪಿಸಿದವರು ಮಂಗಳೂರಿನ ಸಮೀಪದ ಕಿನ್ನಿಕಂಬಳದ ಕೆ. ಪಿ. ರಾವ್. ಅವರು ತಮ್ಮ ತಂತ್ರಾಂಶಕ್ಕೆ ಇಟ್ಟ ಹೆಸರು "ಸೇಡಿಯಾಪು". ದಕ್ಷಿಣ ಕನ್ನಡದ ಮಹಾವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿನ ಹೆಸರು ಅದು. ಯಂತ್ರದ ಬಲ್ಮೆಯೂ ಭಾಷೆಯ ಬಲ್ಮೆಯೂ ಒಂದೆಡೆ ಕೂಡಿದ್ದರಿಂದ ಕನ್ನಡಕ್ಕೆ ದೊಡ್ಡ ಉಪಕಾರವಾಯಿತು.

ಆದರೆ ಮೊಳೆ ಜೋಡಿಸುತ್ತಿದ್ದವರ ಗತಿ ಏನಾಯಿತು? ಭಾಷೆಯ ಶುದ್ಧಿಯನ್ನೂ ಬಲ್ಲವರಾಗಿದ್ದ ಕೆಲವರು ಕರಡು ತಿದ್ದುವವರಾಗಿ, ಪುಟ ವಿನ್ಯಾಸ ಮಾಡುವವರಾಗಿ ಉಳಿದರು. ಬರಿಯ ಕೈಚಳಕವನ್ನೇ ನಂಬಿದವರಿಗೆ ನೆಲೆ ತಪ್ಪಿತು. ಬಲ್ಲವರಾಗಿದ್ದೂ ಐವತ್ತು ದಾಟಿದವರಿಗೆ ಹೊಸದನ್ನು ಕಲಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ಪುಸ್ತಕದ ಬೆಲೆಯನ್ನು ಚರ್ಚಿಸಿದ ನಮ್ಮ ಸಮಾಜ ಅವರ ವಿಚಾರವನ್ನು ಚರ್ಚಿಸಲಿಲ್ಲ. ಈ ಸಲವಾದರೂ ಹಾಗಾಗಬಾರದು.

ಈಗ ಕುಂಬ್ರದ ತಂದೆಯ ಮೌನದ ಮಾತು. ಯಂತ್ರಕ್ಕೆ ಸಿಗದ ಕೆಲಸವೆಂಬ ಮಾತ್ರಕ್ಕೆ ಅದು ಸುಖದ ಕೆಲಸವಾಗುವುದಿಲ್ಲ. ಆ 34 ವೃತ್ತಿಗಳ ಪಟ್ಟಿಯನ್ನು ಇನ್ನೊಮ್ಮೆ ನೋಡಿರಿ. ಅವುಗಳಲ್ಲಿ ಬಹುಪಾಲು ಮೈ ದಣಿಯುವ, ಕೂಲಿ ಕಡಿಮೆಯ, ಗೌರವ ಇನ್ನೂ ಕಡಿಮೆಯ ಕೆಲಸಗಳು. ಮಳೆಯ ರಾತ್ರಿಗಳಲ್ಲಿ ಕಂಬ ಹತ್ತಿದ ತಂದೆಗೆ ಅದರ ಅಪಾಯ ಗೊತ್ತು. ಕರೆಂಟು ಹೋದಾಗ ಫೋನಿನಲ್ಲಿ ಕೇಳುವ ಬಿರುನುಡಿಗಳೂ ಗೊತ್ತು. ಮಗನಿಗೆ ಅದು ಬೇಡವೆನಿಸಿದರೆ ಅವರನ್ನು ದೂರಲು ನಾವು ಯಾರು?

ಆದರೂ ಒಂದು ಮಾತು ಹೇಳಲೇಬೇಕು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ ಎಂದು ನಾವು ದಿನವೂ ನೆನೆಯುವ ಶರಣರ ಹೆಸರುಗಳಲ್ಲಿ ಕಸುಬು ಮೊದಲು ಬರುತ್ತದೆ, ಮನುಷ್ಯ ಅನಂತರ. ಹಗ್ಗ ಹೊಸೆಯುವುದನ್ನೋ ಬುಟ್ಟಿ ಹೆಣೆಯುವುದನ್ನೋ ಅವರು ಮುಚ್ಚಿಡಲಿಲ್ಲ. ಇಂದು ನಮ್ಮ ಮದುವೆಯ ಕರೆಯೋಲೆಗಳಲ್ಲಿ ವರನ ಹೆಸರಿನ ಮುಂದೆ "ಸಾಫ್ಟ್‌ವೇರ್ ಇಂಜಿನಿಯರ್" ಎಂದು ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ. "ಪವರ್‌ಮ್ಯಾನ್" ಎಂದು ಅಚ್ಚಾದುದನ್ನು ನಾವು ಕಂಡಿಲ್ಲ. ಹೆಣ್ಣು ಕೊಡುವವರು ಹಿಂಜರಿದಾರೆಂಬ ಭಯ ಅದರ ಹಿಂದಿದೆ. ಕೈಕೆಲಸವನ್ನು ಕೆಳಗಿಟ್ಟವರು ನಾವೇ. ಈಗ ಯಂತ್ರ ಬಂದು ತಲೆಯ ಕೆಲಸವನ್ನೂ ಕೈಯ ಕೆಲಸವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಾಗ ಗಾಬರಿಯಾಗಿದ್ದೇವೆ.

ಹಾಗಾದರೆ ತಂದೆತಾಯಿಗಳು ಏನು ಮಾಡಬೇಕು? ಯಾವ ಕೋರ್ಸಿಗೇ ಸೇರಿಸಲಿ, ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಈ ಕೆಲಸದಲ್ಲಿ ಎಷ್ಟು ಪಾಲನ್ನು ಬರಹದಲ್ಲಿ ಹೇಳಿ ಮುಗಿಸಬಹುದು? ಅಷ್ಟು ಪಾಲು ಯಂತ್ರಕ್ಕೆ ಹೋದೀತು. ತಪ್ಪಾದಾಗ ಎದುರು ನಿಂತು ಉತ್ತರ ಹೇಳಬೇಕಾದವರು ಯಾರು? ಆ ಜಾಗ ಮನುಷ್ಯನಿಗೆ ಉಳಿದೀತು. ಕಲಿಯುವವನಿಗೆ ಮೊದಲ ಮೆಟ್ಟಿಲು ಇದೆಯೇ? ಕಂಬದ ಕೆಲಸದಲ್ಲಿ ಹಿರಿಯನ ಜೊತೆ ನಿಂತು ಕಲಿಯುವ ಪದ್ಧತಿ ಇನ್ನೂ ಇದೆ. ತಂತ್ರಾಂಶದಲ್ಲಿ ಆ ಮೆಟ್ಟಿಲನ್ನು ವಿದ್ಯಾರ್ಥಿಯು ಓದುವಾಗಲೇ ತಾನೇ ಕಟ್ಟಿಕೊಳ್ಳಬೇಕಾಗಿದೆ.

ಕಿರಿಯ ಮಗನಿಗೆ ಕಂಬದ ಕೆಲಸದಲ್ಲಿ ನಿಜವಾದ ಒಲವಿದ್ದರೆ ತಡೆಯಬೇಡಿರಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿರಿ. ಇಪ್ಪತ್ತರ ಮೈ ಹತ್ತಿದ ಕಂಬವನ್ನು ಐವತ್ತರ ಮೈ ಹತ್ತಲಾರದು. ಎಲೆಕ್ಟ್ರಿಕಲ್ ಡಿಪ್ಲೊಮಾ ಅಥವಾ ಪದವಿ ಇದ್ದರೆ ಉಪಕೇಂದ್ರದ ರಕ್ಷಣಾ ಸಾಧನಗಳು, ಸೌರ ವಿದ್ಯುತ್ತಿನ ಜೋಡಣೆ, ಮೇಲ್ವಿಚಾರಣೆ ಮುಂತಾದ ದಾರಿಗಳು ತೆರೆಯುತ್ತವೆ. ಅದರ ಜೊತೆಗೆ ಅಣ್ಣನಿಂದ ಸ್ವಲ್ಪ ಪ್ರೋಗ್ರಾಂ ಬರೆಯುವುದನ್ನೂ ಕಲಿತರೆ ಅವನು ಎರಡು ಲೋಕಗಳ ನಡುವಣ ಸೇತುವೆಯಾದಾನು. ಅಣ್ಣನೂ ಹೆದರಿ ಕೂರಬೇಕಿಲ್ಲ. ಯಂತ್ರ ಬರೆದುದನ್ನು ಓದಿ ದೋಷ ಹಿಡಿಯುವ ಕಣ್ಣು, ಬ್ಯಾಂಕು, ಆಸ್ಪತ್ರೆ, ಕೃಷಿ ಎಂಬಂತಹ ಯಾವುದಾದರೂ ಒಂದು ಕ್ಷೇತ್ರದ ಆಳವಾದ ತಿಳಿವು, ಇವೆರಡನ್ನು ಅವನು ಸಂಪಾದಿಸಲಿ. ಕಂಪ್ಯೂಟರ್ ಎಂಬ ಹೆಸರಿಗೆ ಮರುಳಾಗಿ, ಮಗುವಿನ ಒಲವನ್ನು ಕೇಳದೆ, ತೋಟವನ್ನೋ ಹೊಲವನ್ನೋ ಅಡವಿಟ್ಟು ಸೀಟು ಕೊಳ್ಳುವುದನ್ನು ಮಾತ್ರ ನಾವು ಯಾರಿಗೂ ಹೇಳಲಾರೆವು.

ಕೊನೆಯದಾಗಿ ಎಲ್ಲ ಮನೆಗಳಿಗೂ ಒಂದು ಕೋರಿಕೆ. ಮನೆಯ ಜನರೇಟರನ್ನೋ ಇನ್ವರ್ಟರನ್ನೋ ತಪ್ಪಾಗಿ ಜೋಡಿಸಿದ್ದರೆ, ಕರೆಂಟು ಹೋದಾಗ ಅದರ ವಿದ್ಯುತ್ತು ಹಿಮ್ಮುಖವಾಗಿ ತಂತಿಗೆ ಹರಿಯುತ್ತದೆ. ಪರಿವರ್ತಕವನ್ನು ಹಾದು ಅದು ಸಾವಿರಾರು ವೋಲ್ಟುಗಳಾಗಿ, ಸತ್ತ ತಂತಿಯೆಂದು ನಂಬಿ ಕೈಯಿಟ್ಟವನನ್ನು ಕೊಲ್ಲಬಲ್ಲುದು. ಬಲ್ಲ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ನಿಮ್ಮ ಮನೆಯ ಜೋಡಣೆಯನ್ನು ಈ ವಾರವೇ ನೋಡಿಸಿರಿ. ಕಾಯಕಕ್ಕೆ ಗೌರವವೆಂಬುದು ಭಾಷಣದಿಂದ ಬರುವುದಿಲ್ಲ. ಕಂಬ ಹತ್ತಿದವನು ಕ್ಷೇಮವಾಗಿ ಇಳಿದು ಮನೆ ಸೇರುವಂತೆ ನೋಡಿಕೊಳ್ಳುವುದರಿಂದ ಅದು ಆರಂಭವಾಗಲಿ.